ಟೆಸ್ಟಿಂಗಿಗೆ ಒಂದು ಕಂತು

ಅಯ್ಯಯ್ಯೋ, ತಡೀರಿ ತಡೀರಿ! ಆ ಡಬ್ಬ ಬಿಚ್ಚಬೇಡಿ! ಮೊದಲು ಆ ಕತ್ತರಿ ಕೆಳಗಿಡಿ. ಅದು ಬಟ್ಟೆ ಕತ್ತರಿ ರೀ, ಅದರಲ್ಲಿ ರಟ್ಟು ಕತ್ತರಿಸ್ತಾರಾ ಯಾರಾದ್ರೂ? ಇಷ್ಟು ವರ್ಷ ಹೊಲಿದಿದ್ದೀನಿ, ನನ್ನ ಕತ್ತರಿಗೆ ಒಂದು ಚೂರು ಕಾಗದ ತೋರಿಸಿದೋರಿಲ್ಲ... ಹಾಂ. ಅಲ್ಲಿಡಿ. ಡಬ್ಬಾನೂ ಅಲ್ಲೇ ಇರಲಿ. ಕೂತ್ಕೊಳ್ಳಿ.

ಗೊತ್ತು, ನನ್ನ ತಂಗಿ ಕಳಿಸಿದ್ದು. ಹೊಸ ಪ್ಲೇಯರು, ಯಾವ ದೇಶದ ಡಿಸ್ಕ್ ಹಾಕಿದ್ರೂ ಓಡುತ್ತೆ, ಅದೂ ಗೊತ್ತು. ಬೆಳಿಗ್ಗೆಯಿಂದ ಫೋನ್ ಮಾಡಿ ಮಾಡಿ ನನ್ನ ಕಿವಿ ತೂತು ಮಾಡಿದ್ದಾಳೆ. "ಅಕ್ಕಾ, ಭಾನುವಾರ ಬಂದ್ರೆ ಸಾಕು ರಿಪೇರಿಯವರನ್ನ ಕರೆಸ್ತೀಯಂತೆ, ಪಾಪ ಅವರಿಗೆ ಬೇರೆ ಕೆಲಸ ಇಲ್ವಾ? ಹೊಸದನ್ನ ಅವರ ಕೈಲೇ ಕಳಿಸ್ತೀನಿ. ಜೋಡಿಸಿ ಹೋಗ್ತಾರೆ. ಆಮೇಲೆ ಅವರು ಬರೋ ಕೆಲಸಾನೇ ಇರಲ್ಲ!"

ಬರೋ ಕೆಲಸಾನೇ ಇರಲ್ಲ! ಎಷ್ಟು ಖುಷಿಯಾಗಿ ಹೇಳಿದ್ಲು ಗೊತ್ತಾ? ನಾನು ಕೇಳಿದ್ನಾ? ಕೇಳಿದ್ನಾ ನಾನು ಹೊಸದು ಬೇಕು ಅಂತ?

ನೀವೇನು ಸುಮ್ಮನೆ ತಲೆ ಆಡಿಸ್ತೀರಿ? ನೀವೂ ಸರಿ ಅಂತ ಹೊತ್ಕೊಂಡು ಬಂದ್ರಲ್ಲ! ಮೂರು ಮಹಡಿ ಹತ್ತಿ!

ಹಳೇದಕ್ಕೆ ಏನಾಗಿದೆ ಹೇಳಿ. ಏನೂ ಆಗಿಲ್ಲ... ಅಂದ್ರೆ, ಕೆಟ್ಟಿದೆ. ಕೆಟ್ಟಿದೆ, ಇಲ್ಲ ಅಂತಿಲ್ಲ. ಆದ್ರೆ ರಿಪೇರಿ ಆಗುವಷ್ಟೇ ಕೆಟ್ಟಿದೆ. ಅಷ್ಟು ಕೆಟ್ಟರೆ ತಪ್ಪೇನು?

ಟೀ ತಗೊಳ್ಳಿ. ತಗೊಳ್ಳಿ ರೀ, ಮಾಡಿಬಿಟ್ಟಿದ್ದೀನಿ. ಎರಡು ಲೋಟ ಯಾಕೆ ಅಂದ್ರೆ... ನೀವು ಬರ್ತೀರಿ ಅಂತ ತಂಗಿ ಹೇಳಿದ್ಲಲ್ಲ, ಅದಕ್ಕೆ.

ಈಗ ನ್ಯಾಯವಾಗಿ ಮಾತಾಡೋಣ. ನೋಡಿ, ಇದು ಬ್ರಿಟನ್ನಿನ ಡಿಸ್ಕು, ಇದು ಅಮೆರಿಕದ್ದು. ಎರಡೂ ಒಂದೇ ಕಥೆ. ರೈಲ್ವೆ ಸ್ಟೇಷನ್ನಲ್ಲಿ ಜನ ಬಿಟ್ಟುಹೋದ ಛತ್ರಿ, ಚೀಲ ಎಲ್ಲ ಇಡೋ ಕಚೇರಿ. ಅಲ್ಲಿ ಒಬ್ಬ ಗುಮಾಸ್ತ, ಒಬ್ಬಳು ಗುಮಾಸ್ತೆ. ಮೊದಲು ಬ್ರಿಟನ್ನವರು ತೆಗೆದ್ರು, ಅಮೆರಿಕದವರು ಅದನ್ನ ನೋಡಿ ಸ್ಟೇಷನ್ ಕಿತ್ತುಹಾಕಿ ವಿಮಾನ ನಿಲ್ದಾಣ ಇಟ್ಕೊಂಡ್ರು. ಒಂದೇ ಬಟ್ಟೇಲಿ ಇಬ್ಬರು ಟೈಲರ್‌ಗಳು ಹೊಲಿದ ಹಾಗೆ! ಆದ್ರೆ ಪೆಟ್ಟಿಗೆ ನೋಡಿ. ಬ್ರಿಟನ್ನದ್ದು ಬಿಸ್ಕೆಟ್ ಪೊಟ್ಟಣದಷ್ಟು. ಎರಡೇ ಸೀಸನ್ನು, ಸೀಸನ್ನಿಗೆ ಆರೇ ಕಂತು. ಅಮೆರಿಕದ್ದು ಇದೋ... ಉಶ್... ಇಟ್ಟಿಗೆ! ಒಂಬತ್ತು ಸೀಸನ್ನು! ಕಳ್ಳ ಬಂದ್ರೆ ತಲೆಗೆ ಹಾಕಬಹುದು.

ಯಾಕೆ ನಗ್ತೀರಾ? ಸುಳ್ಳಾ? ಎತ್ತಿ ನೋಡಿ!

ನಗ್ತೀರಿ, ನಗ್ತೀರಿ. ಮೊದಲ ಸಲ ಬಂದಾಗಲೂ ಹೀಗೇ ಮೀಸೆ ಅಡಿಯಲ್ಲಿ ನಕ್ಕಿದ್ರಿ. ನೆನಪಿದೆ ನನಗೆ. ಟಿವಿ ಕೆಟ್ಟಿದೆ ಅಂತ ಕರೆಸಿದ್ದೆ. ಮತ್ತೆ? ಆ ಗುಮಾಸ್ತ ಕಚೇರಿ ಒಳಗಿದ್ದಾಗ ಒಂದು ಬಣ್ಣ, ಹೊಸ್ತಿಲು ದಾಟಿ ಹೊರಗೆ ಬಂದ್ರೆ ಮುಖ, ಕೋಟು, ಆಕಾಶ ಎಲ್ಲ ಬೇರೇನೇ ಬಣ್ಣ! ನಾನು ಬಟ್ಟೆಯವಳು ರೀ, ಒಂದೇ ಥಾನಿನ ಬಟ್ಟೆ ಬಾಗಿಲಲ್ಲಿ ಬದಲಾದ್ರೆ ನನಗೆ ಗೊತ್ತಾಗಲ್ವಾ? ಟಿವಿ ಹಿಂದೆಲ್ಲ ಬಿಚ್ಚಿ ನೋಡಿದ್ರಿ. ಆಮೇಲೆ ಮೆತ್ತಗೆ ಹೇಳಿದ್ರಿ. "ಟಿವಿ ಚೆನ್ನಾಗಿದೆ ಅಮ್ಮಾ. ಬ್ರಿಟನ್ನಲ್ಲಿ ಹಿಂದೆ ಒಳಗಿನ ದೃಶ್ಯ ಒಂದು ಥರದ ಕ್ಯಾಮೆರಾದಲ್ಲಿ, ಹೊರಗಿನದ್ದು ಇನ್ನೊಂದರಲ್ಲಿ ತೆಗೀತಿದ್ರು."

ಎಷ್ಟು ನಾಚಿಕೆ ಆಯ್ತು ನನಗೆ! ಆದ್ರೆ ನೀವು ತಕ್ಷಣ ಎದ್ದುಹೋಗಲಿಲ್ಲ. ಟೆಸ್ಟಿಂಗ್ ಅಂದ್ರಿ. ಟಿವಿ ಬಿಚ್ಚಿದ ಮೇಲೆ ಒಂದು ಕಂತು ಪೂರ್ತಿ ಓಡಿಸಿ ನೋಡಬೇಕು, ಅದು ನಿಯಮ ಅಂದ್ರಿ. ಆ "ಅಮ್ಮಾ" ಅಂದದ್ದು ಮಾತ್ರ ನನಗೆ ಸೇರಲಿಲ್ಲ, ಈಗ ಹೇಳ್ತಿದ್ದೀನಿ. ನಿಮಗಿಂತ ನಾನೇ ಎರಡು ವರ್ಷ ಚಿಕ್ಕವಳು.

ಏನ್ ಹೇಳ್ತಿದ್ದೆ? ಹಾಂ, ನ್ಯಾಯ. ನಾನು ಯಾವತ್ತಿದ್ರೂ ಬ್ರಿಟನ್ ಕಡೆ. ಅದರಲ್ಲಿ ಒಂದು ಮರ್ಯಾದೆ ಇದೆ. ಸೆಟ್ಟಲ್ಲಿ ಕೂತು ನೋಡೋ ಜನ ನಗ್ತಾರೆ, ನಗಲ್ಲ ಅಂತಲ್ಲ, ಆದ್ರೆ ಪಕ್ಕದ ಮನೆಯವರಿಗೆ ತೊಂದರೆ ಆಗದ ಹಾಗೆ ನಗ್ತಾರೆ. ಮಧ್ಯೆ ಒಬ್ಬ ಕೆಮ್ಮುತ್ತಾನೆ. ಅಮೆರಿಕದ್ದರಲ್ಲಿ? ಇವನಿನ್ನೂ ಬಾಯಿ ತೆಗೆದಿರಲ್ಲ, ಆಗಲೇ ಇಡೀ ಊರು ಹೊಟ್ಟೆ ಹಿಡ್ಕೊಂಡು ಬಿದ್ದಿರುತ್ತೆ! ಆಮೇಲೆ ಏಳೆಂಟು ನಿಮಿಷಕ್ಕೊಂದು ಸಲ ಪರದೆ ಕಪ್ಪಾಗುತ್ತೆ. ಜಾಹೀರಾತಿಗೆ ಬಿಟ್ಟ ಜಾಗ ಅಂತ ನೀವೇ ತಾನೇ ಹೇಳಿದ್ದು? ಡಿಸ್ಕಲ್ಲಿ ಜಾಹೀರಾತು ಇಲ್ಲ, ಜಾಗ ಮಾತ್ರ ಹಾಗೇ ಇದೆ. ಹೊಲಿಗೆ ಬಿಚ್ಚಿದ್ರೂ ಸೂಜಿ ತೂತು ಉಳಿಯುತ್ತಲ್ಲ, ಹಾಗೆ.

ಅಯ್ಯೋ, ಆ ಡ್ಯಾನ್ಸು! ಕಚೇರಿ ಪಾರ್ಟೀಲಿ ಕುಣೀತಾರಲ್ಲ! ಟಿವೀಲಿ ಬಂದಾಗ ಯಾವುದೋ ಹಾಡು ಇತ್ತಂತೆ, ಡಿಸ್ಕ್ ಮಾಡೋ ಹೊತ್ತಿಗೆ ಹಾಡಿನ ಹಕ್ಕು ಸಿಗಲಿಲ್ಲವಂತೆ, ಇವರು ಇನ್ಯಾವುದೋ ಹಾಡು ತಂದು ತುರುಕಿದ್ದಾರೆ. ಕಾಲು ಒಂದು ಹಾಡಿಗೆ ಹಾಕ್ತಾರೆ, ಕಿವಿಗೆ ಇನ್ನೊಂದು ಹಾಡು ಕೇಳಿಸುತ್ತೆ! ಆ ದಪ್ಪ ಮ್ಯಾನೇಜರು ಪಾಪ, ಭೂತ ಹಿಡಿದ ಹಾಗೆ ಕಾಣ್ತಾನೆ. ನೀವು ನಕ್ಕು ನಕ್ಕು ಟೀ ನೆತ್ತಿಗೆ ಹತ್ತಿಸ್ಕೊಂಡ್ರಿ, ನಾನು ಬೆನ್ನು ತಟ್ಟಬೇಕಾಯ್ತು.

...ತಟ್ಟಬೇಕಾಯ್ತು, ಅದಕ್ಕೇ ತಟ್ಟಿದ್ದು.

ಡಿಸ್ಕಿನ ಕೊನೇಲಿ ಬರೋ ನಟರ ಸಂದರ್ಶನಾನಾದ್ರೂ ನೋಡಿ. ಬ್ರಿಟನ್ನದ್ದರಲ್ಲಿ ಒಬ್ಬ ಮುದುಕ ಕುರ್ಚಿ ಮೇಲೆ ಕೂತು "ಆವತ್ತು ತುಂಬಾ ಚಳಿ ಇತ್ತು" ಅಂತಾನೆ. ಮುಗೀತು! ಅಮೆರಿಕದ್ದರಲ್ಲಿ ಒಬ್ಬೊಬ್ಬರೂ ಇನ್ನೊಬ್ಬರನ್ನ ತಬ್ಬಿಕೊಂಡು ಗೊಳೋ ಅಂತ ಅಳ್ತಾರೆ, ನಾವೆಲ್ಲ ಒಂದೇ ಮನೆಯವರು ಅಂತಾರೆ. ಮೊದಲನೇ ಸೀಸನ್ನಿಗೇ ಇಷ್ಟು ಅಳು! ಒಂಬತ್ತನೇದಕ್ಕೆ ಇನ್ನೇನು ಮಾಡ್ತಾರೋ.

ಏನಂದ್ರಿ?... ಅಷ್ಟು ಕೆಟ್ಟದಿದ್ರೆ ಪ್ರತಿ ವಾರ ಅದನ್ನೇ ಯಾಕೆ ಹಾಕಿಸ್ತೀರ, ಅಂತಾನಾ?

ಒಳ್ಳೇ ಪ್ರಶ್ನೆ ಕೇಳಿದ್ರಿ. ನನ್ನ ತಂಗೀನೂ ಇದನ್ನೇ ಕೇಳಿದ್ಲು. ಕೆಟ್ಟದ್ದು ಅಂತ ಬೈಯೋಕಾದ್ರೂ ಪೂರ್ತಿ ನೋಡಬೇಕಲ್ವಾ? ಅರ್ಧಂಬರ್ಧ ನೋಡಿ ಬೈದ್ರೆ ಅದು ಅನ್ಯಾಯ. ನಾನು ಅನ್ಯಾಯ ಮಾಡೋಳಲ್ಲ.

ಮತ್ತೆ ನಾನು ಹಾಕೋಣ ಅಂದ್ರೆ ಅದು ಓಡಬೇಕಲ್ಲ! ಡಿಸ್ಕಿಗೂ ಊರು ಕೇರಿ ಇರುತ್ತೆ ಅಂತ ಯಾರಿಗೆ ಗೊತ್ತಿತ್ತು? ಬ್ರಿಟನ್ನಲ್ಲಿ ಮಾರೋದರ ಮೇಲೆ ಎರಡು ಅಂತ ನಂಬರು, ಅಮೆರಿಕದಲ್ಲಿ ಮಾರೋದರ ಮೇಲೆ ಒಂದು ಅಂತ. ನನ್ನ ಪ್ಲೇಯರು ಬ್ರಿಟನ್ನಿಂದ ಬಂದದ್ದು, ಅದಕ್ಕೆ ಬ್ರಿಟನ್ ನಂಬರು ಮಾತ್ರ ಆಗುತ್ತೆ, ಅಮೆರಿಕದ್ದು ಹಾಕಿದ ಕೂಡಲೇ "ಈ ಡಿಸ್ಕ್ ಇಲ್ಲಿಯದಲ್ಲ" ಅಂತ ಮುಖದ ಮೇಲೆ ಹೇಳಿ ಉಗುಳುತ್ತೆ. ನೀವು ಬರ್ತೀರಿ, ಬೀಗ ತೆಗೀತೀರಿ, ಟೆಸ್ಟಿಂಗಿಗೆ ಒಂದು ಕಂತು ನೋಡ್ತೀವಿ, ಹೋಗ್ತೀರಿ. ಸೋಮವಾರ ನೋಡಿದ್ರೆ ಮತ್ತೆ ಬೀಗ!

ತಾನಾಗೇ ಬೀಳುತ್ತೆ ರೀ. ಕರೆಂಟು ಹೋಗಿ ಬಂದ್ರೆ ಬೀಳುತ್ತೇನೋ. ಇಲ್ಲ, ನೂಲಿನ ಧೂಳಿಗೆ ಇರಬಹುದು. ಈ ಮನೆ ತುಂಬ ನೂಲಿನ ಧೂಳೇ ಅಲ್ವಾ?

ರಿಮೋಟಾ? ನಾನಾ? ಶಿವ ಶಿವಾ, ನಾನು ಆ ರಿಮೋಟ್ ಮುಟ್ಟೋದೇ ಇಲ್ಲ! ಮುಟ್ಟಿದ್ರೂ ಅದೇನು ಅಷ್ಟು ಸುಲಭಾನಾ? ಮೊದಲು ತಟ್ಟೆ ಹೊರಗೆ ಬರಬೇಕು, ಖಾಲಿ ಇರಬೇಕು, ಆಮೇಲೆ ಏಳು, ಏಳು, ಒಂಬತ್ತು ಒತ್ತಬೇಕು, ಕೊನೇಲಿ ಸೊನ್ನೆ ಒತ್ತಿದ್ರೆ ಎಲ್ಲಾ ದೇಶದ್ದೂ ಓಡುತ್ತೆ, ಎರಡು ಒತ್ತಿದ್ರೆ ಬ್ರಿಟನ್ ಬಿಟ್ಟು ಮಿಕ್ಕಿದ್ದಕ್ಕೆಲ್ಲ ಬೀಗ ಬೀಳುತ್ತೆ... ಇದೆಲ್ಲ ನನ್ನಂಥ ಹೊಲಿಗೆಯವಳಿಗೆ ಹೇಗೆ ಗೊತ್ತಾಗಬೇಕು ಹೇಳಿ!

...

ಏನು?

ಯಾಕೆ ಹಾಗೆ ನೋಡ್ತೀರಿ?

ಸುಮ್ಮನೆ ಊಹೆ ಮಾಡಿ ಹೇಳಿದೆ. ಏಳು ಏಳು ಒಂಬತ್ತು... ಯಾರಾದ್ರೂ ಊಹೆ ಮಾಡಬಹುದಪ್ಪ. ನನ್ನ ಮಷಿನ್ನಿನ ಸೂಜಿ ನಂಬರೂ ಹೆಚ್ಚುಕಮ್ಮಿ... ಇಲ್ಲ ಬಿಡಿ, ಅದು ಹದಿನಾಲ್ಕು.

ಟೀ ಆರಿಹೋಗ್ತಿದೆ.

ಏನಾದ್ರೂ ಅನ್ನಿ. ಬೈಯಿರಿ ಬೇಕಾದ್ರೆ. "ನಾನು ಕೆಲಸ ಬಿಟ್ಟು ಬಂದ್ರೆ ಆಟ ಆಡಿಸ್ತೀಯಾ" ಅನ್ನಿ... ಆ ರಿಮೋಟನ್ನ ಯಾಕೆ ಹಾಗೆ ತಿರುಗಿಸಿ ತಿರುಗಿಸಿ ನೋಡ್ತೀರಿ?

ಹೌದು ರೀ! ನಾನೇ! ಪ್ರತಿ ಸೋಮವಾರ ನಾನೇ ಬೀಗ ಹಾಕೋದು! ಗುಟ್ಟಿನ ನಂಬರು ಅಂತ ನನಗೆ ಬೆನ್ನು ತಿರುಗಿಸಿ ಒತ್ತಿದ್ರಲ್ಲ, ಎದುರಿಗೆ ಟಿವಿ ಇತ್ತು, ಆಫ್ ಆಗಿತ್ತು, ಗಾಜಲ್ಲಿ ನಿಮ್ಮ ಕೈ ಕನ್ನಡಿಯಲ್ಲಿ ಕಂಡ ಹಾಗೆ ಕಾಣ್ತಿತ್ತು. ಸೂಜಿಗೆ ದಾರ ಪೋಣಿಸೋ ಕಣ್ಣು ರೀ ಇದು!

ಯಾಕೆ ಅಂತ ಕೇಳಲ್ವಾ? ಕೇಳದಿದ್ರೂ ಹೇಳ್ತೀನಿ.

ಆ ಬ್ರಿಟನ್ ಕಥೆಯ ಕೊನೇ ಕಂತು ಒಟ್ಟಿಗೇ ನೋಡಿದ್ವಲ್ಲ. ಆ ಗುಮಾಸ್ತೆಗೆ ಬೇರೆ ಊರಿಗೆ ವರ್ಗ ಆಗಿದೆ, ಪ್ಲಾಟ್‌ಫಾರಂನಲ್ಲಿ ನಿಂತಿದ್ದಾಳೆ. ಅವನು ಓಡಿ ಬಂದ. ಹನ್ನೆರಡು ಕಂತು ಮನಸ್ಸಲ್ಲಿ ಇಟ್ಕೊಂಡದ್ದು ಈಗ ಹೇಳ್ತಾನೆ, ಈಗ ಹೇಳ್ತಾನೆ ಅಂತ ನಾನು ಸೆರಗು ಹಿಂಡ್ತಾ ಕೂತಿದ್ದೀನಿ... ಅವನೇನಂದ? "ಜೋಪಾನ, ಅಲ್ಲಿ ಛತ್ರಿ ಬೇಕಾಗುತ್ತೆ." ಅಷ್ಟೇ! ರೈಲು ಹೋಯ್ತು, ಹೆಸರುಗಳು ಬಂದವು! ನಾನು ಒಳಗೆ ಹೋಗಿ ಲೋಟ ತೊಳೀತೀನಿ ಅಂತ ಎಷ್ಟು ಹೊತ್ತು ಅತ್ತೆ ಗೊತ್ತಾ? ನಾನು ಆಮೇಲೆ ನಿಮ್ಮ ಹತ್ರ ಏನಂದೆ? "ಎಂಥ ಮರ್ಯಾದಸ್ಥ ಕಥೆ!" ಅಂದೆ. ಮರ್ಯಾದೆಯಂತೆ, ಮಣ್ಣು!

ಆರು ದಿನ ಈ ಮನೇಲಿ ಮಷಿನ್ ಒಂದೇ ಮಾತಾಡೋದು. ಗಿರಾಕಿಗಳು ಬರ್ತಾರೆ, ಸೊಂಟ ಬಿಗಿ ಆಯ್ತು, ತೋಳು ಉದ್ದ ಆಯ್ತು ಅಂತಾರೆ, ಹೋಗ್ತಾರೆ. ಭಾನುವಾರ ನೀವು ಬಂದು ಆ ಹಾಳು ನಾಟಕಕ್ಕೆ ನಗ್ತೀರಿ. ನೀವು ಬಂದ್ರೆ ನನಗೆ ಇಷ್ಟ. ಬರದಿದ್ರೆ ಕಷ್ಟ. ತಗೊಳ್ಳಿ, ಹೇಳಿಬಿಟ್ಟೆ. ನಾನೂ ಛತ್ರಿ ಜೋಪಾನ ಅಂತ ಹೇಳಿ ಕಳಿಸಿಬಿಟ್ರೆ, ಆಮೇಲೆ ಯಾವ ಕಚೇರೀಲಿ ಹೋಗಿ ಹುಡುಕಲಿ?

ಈ ವಯಸ್ಸಿಗೆ ಇವಳಿಗೇನು ಬಂತು ಅನ್ಸುತ್ತಾ? ಅನ್ಸಿದ್ರೆ ಅನ್ನಿಸ್ಲಿ. ಹೊಸ ಪ್ಲೇಯರು ಜೋಡಿಸಿ, ತಂಗಿ ಹೇಳಿದ ಹಾಗೆ ಹೊರಡಿ. ನಾನು ತಡೆಯಲ್ಲ. ಕತ್ತರಿ ಬೇಕಾದ್ರೆ... ತಗೊಳ್ಳಿ, ಅದರಲ್ಲೇ ಕತ್ತರಿಸಿ.

...

ಎದ್ರಾ?

ಡಬ್ಬ ಎಲ್ಲಿಗೆ ತಗೊಂಡು ಹೋಗ್ತೀರಿ? ಅದು ಬೀರು ಮೇಲೆ ಯಾಕೆ... ಬಟ್ಟೆ ಗಂಟಿನ ಹಿಂದೆ? ಅಲ್ಲಿಟ್ರೆ ಅದನ್ನ ಆಮೇಲೆ ಯಾರು ಇಳಿಸ್ತಾರೆ ರೀ, ನನಗೆ ಕೈ ಎಟಕಲ್ಲ!

ಓ.

ಈಗ ಮೇಜಿನ ಹತ್ರ ಏನು... ಡಿಸ್ಕಾ? ಹಾಕ್ತೀರಾ? ಯಾವುದು? ಅಯ್ಯೋ, ಅದು ದಪ್ಪಂದು ರೀ, ಅಮೆರಿಕದ್ದು! ನೋಡಿ ತಗೊಂಡ್ರಾ, ಇಲ್ಲ ಕೈಗೆ ಸಿಕ್ಕಿದ್ದು ತಗೊಂಡ್ರಾ? ಒಂಬತ್ತು ಸೀಸನ್ನು ಇದೆ! ನಾವಿನ್ನೂ ಮೊದಲನೇದೇ ಮುಗಿಸಿಲ್ಲ! ಭಾನುವಾರಕ್ಕೆ ಒಂದೊಂದು ಕಂತು ಅಂದ್ರೆ ಅದು ಮುಗಿಯೋ ಹೊತ್ತಿಗೆ ನಮ್ಮಿಬ್ಬರಿಗೂ ಹಲ್ಲು... ಬೇಡ, ಲೆಕ್ಕ ಹಾಕೋದು ಬೇಡ.

ಮತ್ತೆ ನಗ್ತೀರಲ್ಲ! ಕಣ್ಣಲ್ಲಿ ನೀರು ಬೇರೆ. ನಗುವಿಗಾ ಅದು?... ಸರಿ, ಹೇಳಬೇಡಿ. ಇವತ್ತಿಗೆ ಸಾಕು.

ಕೊಡಿ ಇಲ್ಲಿ ರಿಮೋಟು. ಬೆನ್ನು ತಿರುಗಿಸಲ್ಲ, ನಿಮ್ಮ ಎದುರಿಗೇ ಒತ್ತುತ್ತೀನಿ. ಏಳು... ಏಳು... ಒಂಬತ್ತು... ಸೊನ್ನೆ.

ಹಾಕಿ.