ಗುಮಾಸ್ತನ ಬಾಯಾರಿಕೆ

ಇದು ನಡೆದದ್ದು ಹೋದ ವರ್ಷ ಮೇ ಇಪ್ಪತ್ತಮೂರರ ರಾತ್ರಿ, ಹನ್ನೊಂದೂವರೆಗೆ. ನಾನೂ ನನ್ನ ದೊಡ್ಡಮ್ಮನ ಮಗನೂ ಕೊನೆಯ ಬಸ್ಸಿಳಿದು ಅವನ ಮನೆಗೆ ನಡೆದು ಹೋಗುತ್ತಿದ್ದೆವು. ಅವನು ನನಗಿಂತ ಎಂಟು ವರ್ಷ ದೊಡ್ಡವನು. ಅಣ್ಣ ಅಂತಲೇ ಕರೆಯುತ್ತೇನೆ.

ದಾರಿಯಲ್ಲಿ ಒಂದು ಹಾಳುಬಾವಿ ಇದೆ. ಬತ್ತಿ ಎಷ್ಟೋ ವರ್ಷವಾಗಿದೆ, ಮೇಲೆ ಕಬ್ಬಿಣದ ಜಾಲರಿ. ಅಲ್ಲಿಗೆ ಬಂದಾಗ ಅಣ್ಣ ನಿಂತುಬಿಟ್ಟ.

"ಕೇಳಿಸ್ತಾ?"

"ಏನು?"

"ಸುಮ್ನಿರು..."

ಕೇಳಿಸಿತು. ಬಾವಿಯ ತಳದಿಂದ... ಸರಕ್... ಸರಕ್... ಸರಕ್. ನಾಯಿ ನೀರು ಕುಡಿಯುವ ಲಯ ಅದು. ಆದರೆ ನೀರಿನ ಸದ್ದಿಲ್ಲ. ಒಣ ಕಲ್ಲಿಗೆ ನಾಲಗೆ ಉಜ್ಜಿದ ಹಾಗೆ.

ಟಾರ್ಚ್ ಬಿಟ್ಟೆ. ತರಗೆಲೆ, ಒಡೆದ ಇಟ್ಟಿಗೆ. ಸದ್ದು ನಿಂತಿತು.

"ಹೆಗ್ಗಣ ಇರಬೇಕಣ್ಣ."

"ಎಂಎಸ್ಸಿ ಓದಿ ಹೆಗ್ಗಣ ಕಂಡುಹಿಡಿದೆಯಲ್ಲೋ," ಅಂದ. ನಗಲಿಲ್ಲ.

ಅವರ ನಾಯಿ ಸತ್ತು ಆಗ ಒಂಬತ್ತು ದಿನ. ಹದಿನೆಂಟು ಕಿಲೋದ ಕಂದು ನಾಯಿ. ಬಂದವರ ಚೀಲವನ್ನೆಲ್ಲ ಮೂಸಿ, ಕೈಗೆ ಒದ್ದೆ ಮೂಗು ಒತ್ತಿದ ಮೇಲೆಯೇ ಒಳಗೆ ಬಿಡುತ್ತಿತ್ತು. "ಗುಮಾಸ್ತರು ರುಜು ಹಾಕಿದ್ರು, ಬನ್ನಿ" ಅನ್ನುತ್ತಿದ್ದರು ಅತ್ತಿಗೆ. ಹಾಗಾಗಿ ಅದರ ಹೆಸರೇ ಗುಮಾಸ್ತ ಆಯಿತು. ಮಕ್ಕಳಿಲ್ಲದ ಮನೆ. ಹನ್ನೊಂದು ವರ್ಷ ಅದೇ ಮಗು.

ಅಣ್ಣನಿಗೆ ಪ್ರೆಸ್ಸಿನಲ್ಲಿ ರಾತ್ರಿ ಪಾಳಿ, ಅತ್ತಿಗೆಗೆ ಆಸ್ಪತ್ರೆಯಲ್ಲಿ ಹಗಲು ಪಾಳಿ. ಇಬ್ಬರೂ ಸಿಗುತ್ತಿದ್ದದ್ದು ಬಾಗಿಲಲ್ಲಿ. ಅದಕ್ಕೇ ಫ್ರಿಜ್ಜಿನ ಮೇಲೊಂದು ಹಾಳೆ ಅಂಟಿಸಿದ್ದರು. ಊಟ, ನೀರು, ಓಡಾಟ ಅಂತ ಮೂರು ಸಾಲು. ನಾಯಿಗೆ ಯಾವುದನ್ನು ಯಾರು ಮಾಡಿದರೋ ಅವರು ಟಿಕ್ ಹಾಕಬೇಕು.

ಅದು ಸತ್ತ ದಿನ ಮನೆಗೆ ಬಣ್ಣ ಹೊಡೆಸುತ್ತಿದ್ದರು. ನಾಯಿಯನ್ನು ಮಹಡಿಯ ತಗಡಿನ ಕೋಣೆಯಲ್ಲಿ ಕೂಡಿದ್ದರು. ಬೆಳಿಗ್ಗೆ ಪಾಳಿ ಮುಗಿಸಿ ಬಂದ ಅಣ್ಣ ಮೊದಲು 'ನೀರು' ಸಾಲಿಗೆ ಟಿಕ್ ಹಾಕಿದ. ಆಮೇಲೆ ಕೊಡ ಎತ್ತುವ ಮೊದಲು ಐದು ನಿಮಿಷ ಅಂತ ಒರಗಿದ. ಅತ್ತಿಗೆ ಟಿಕ್ ನೋಡಿ ಕೆಲಸಕ್ಕೆ ಹೋದರು.

ಅವನಿಗೆ ಎಚ್ಚರವಾದದ್ದು ಸಂಜೆ ಐದಕ್ಕೆ. ಓಡಿ ಹೋಗಿ ನೋಡಿದರೆ ಎಲ್ಲ ಮುಗಿದಿತ್ತು. ಸ್ಟೀಲ್ ಬಟ್ಟಲನ್ನು ಅದು ನೆಕ್ಕಿ ನೆಕ್ಕಿ ಮೂಲೆಗೆ ತಳ್ಳಿತ್ತು. ಒಳಗೆ ಕನ್ನಡಿಯಂತೆ ಹೊಳೆಯುತ್ತಿತ್ತಂತೆ. ಅವತ್ತಿಂದ ಅಣ್ಣ ಪಾಳಿಗೆ ಹೋಗಿರಲಿಲ್ಲ.

ಮನೆ ತಲುಪಿದೆವು. ಅಣ್ಣ ಕೈಕಾಲು ತೊಳೆಯಲು ಹೋದಾಗ ಅತ್ತಿಗೆ ನನ್ನನ್ನು ಅಡುಗೆಮನೆಗೆ ಕರೆದರು.

"ಒಂದು ವಿಷಯಕ್ಕೇ ಕರೆಸಿದ್ದು ಕಣಪ್ಪ ನಿನ್ನ. ಇವರು ದಿನಾ ರಾತ್ರಿ ಮಹಡಿ ಕೋಣೇಲಿ ಆ ಬಟ್ಟಲಿಗೆ ನೀರಿಡ್ತಾರೆ. ಬೆಳಿಗ್ಗೆ ಖಾಲಿ. ಇವರೇ ಚೆಲ್ಲಿ ಬರ್ತಾರೆ ಅಂತ ನಾನು, ನಾನು ಚೆಲ್ತೀನಿ ಅಂತ ಇವರು. ಮಾತು ಬಿಟ್ಟು ನಾಲ್ಕು ದಿನ ಆಯ್ತು. ಇನ್ನು ಈ ಮನೇಲಿ ಇರೋಕಾಗಲ್ಲ ನಂಗೆ."

ಇದನ್ನು ಪರೀಕ್ಷೆ ಮಾಡಬಹುದು ಅನ್ನಿಸಿತು. ಒಂದೇ ಅಳತೆಯ ಎರಡು ಬಟ್ಟಲು ತೆಗೆದುಕೊಂಡೆ. ಎರಡಕ್ಕೂ ಅಳೆದು ಒಂದೊಂದು ಲೀಟರ್ ಹಾಕಿದೆ. ಒಂದನ್ನು ನಾಯಿಯ ಜಾಗದಲ್ಲಿಟ್ಟೆ, ಇನ್ನೊಂದನ್ನು ಎದುರು ಮೂಲೆಯಲ್ಲಿ. ಕಿಟಕಿಗೆ ಟೇಪ್ ಅಂಟಿಸಿದೆ. ಬೀಗ ಹಾಕಿ ಕೀಲಿ ನನ್ನ ಜೇಬಿಗೆ. ಮೂವರೂ ಹೊರಗೆ ಮೆಟ್ಟಿಲ ಮೇಲೆ ಕೂತೆವು.

ಎರಡು ಗಂಟೆ ಹತ್ತು ನಿಮಿಷಕ್ಕೆ... ಟಿಕ್, ಟಿಕ್, ಟಿಕ್, ಟಿಕ್. ಸಿಮೆಂಟಿನ ಮೇಲೆ ಉಗುರು. ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡರು. ಆಮೇಲೆ... ಲಪ್ ಲಪ್ ಲಪ್ ಲಪ್.

ಈ ಸಲ ನೀರಿನ ಸದ್ದು.

"ನೀವಲ್ಲ..." ಅತ್ತಿಗೆ ಪಿಸುಗುಟ್ಟಿದರು.

"ನೀನೂ ಅಲ್ಲ," ಅಂದ ಅಣ್ಣ.

ಸದ್ದು ಆರು ನಿಮಿಷ ಇತ್ತು. ಆಮೇಲೆ ಬಟ್ಟಲು ನೆಲಕ್ಕೆ ಉಜ್ಜುವ ಕರ್ರ್... ಕರ್ರ್... ಬಾಗಿಲ ಕಡೆಗೇ ಬರುತ್ತಿತ್ತು. ಬೀಗ ತೆಗೆದೆ. ಒಳಗೆ ಯಾರೂ ಇಲ್ಲ. ಎದುರು ಮೂಲೆಯ ಬಟ್ಟಲಲ್ಲಿ ಒಂಬೈನೂರ ತೊಂಬತ್ತು ಮಿಲಿಲೀಟರ್ ಇತ್ತು. ಇನ್ನೊಂದು ಹೊಸ್ತಿಲಿಗೆ ತಾಗಿ ನಿಂತಿತ್ತು. ಖಾಲಿ. ಒಳಗೆ ಒಂದು ಹನಿಯೂ ಇಲ್ಲ.

ಅಣ್ಣ ಕುಕ್ಕರುಗಾಲಲ್ಲಿ ಕೂತ. "ಇನ್ನೂ ಬೇಕಂತೆ ಕಣೋ."

"ಅಣ್ಣಾ, ಹಠ ಮಾಡಬೇಡ. ಇಡೋದು ನಿಲ್ಲಿಸು. ಆಮೇಲೆ ಅದು ಬರದೇ ಇರಬಹುದು."

"ನಿಲ್ಲಿಸಿದ್ದೆ ಒಂದಿನ, ಮೊನ್ನೆ." ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡ. "ಅವತ್ತಿಂದಲೇ ಬಾವೀಲಿ ಸದ್ದು."

ಅತ್ತಿಗೆ ಎದ್ದರು. ಕೆಳಗಿಳಿದು ಹೋಗಿ ಕೊಡ ತಂದರು. ಮರುದಿನ ರಾತ್ರಿ ಎರಡು ಲೀಟರ್ ಇಟ್ಟರು, ಖಾಲಿ. ಅದರ ಮರುದಿನ ಎರಡೂವರೆ. ಒಂದಲ್ಲ ಒಂದು ದಿನ ಹೊಟ್ಟೆ ತುಂಬಿ ಒಂದು ಗುಟುಕಾದರೂ ಉಳಿಸುತ್ತೆ, ಆವತ್ತು ಕ್ಷಮಿಸಿತು ಅಂದುಕೊಳ್ಳೋಣ ಅಂತ ಅಣ್ಣ ಕಾಯುತ್ತಿದ್ದ.

ಸುಳ್ಳು ಹೇಳಿ ನನಗೇನೂ ಆಗಬೇಕಾಗಿಲ್ಲ. ಅಳೆದವನು ನಾನೇ, ಕಾರಣ ಗೊತ್ತಿಲ್ಲದವನೂ ನಾನೇ.

ಮೊನ್ನೆ ಭಾನುವಾರ ಫೋನ್ ಮಾಡಿದ್ದೆ. ಅತ್ತಿಗೆ ಎತ್ತಿದರು. ಈಗ ಬಟ್ಟಲ ಬದಲು ಹಂಡೆಯಂತೆ, ಇಬ್ಬರೂ ಸೇರಿ ನೀರು ಹೊರುತ್ತಾರಂತೆ.

"ಏನಾದ್ರೂ ಉಳಿಸ್ತಾ ಅತ್ತಿಗೆ?"



"ಇಲ್ಲಪ್ಪ. ನಿನ್ನೆ ಮೂವತ್ತೊಂದು ಲೀಟರ್."