ಕುರ್ಚಿಯ ಮೇಲಿನ ಮುದುಕಮ್ಮ

ಮಸ್ಕಿ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಮೊಬೈಲ್ ನೋಡುವವನಂತೆ ನಟಿಸುತ್ತಿದ್ದ ಹುಲಿಗೇಶನ ಕಿವಿಗಳೆರಡೂ ಪಕ್ಕದಲ್ಲಿದ್ದವು. ಅಲ್ಲಿ ಕೂತಿದ್ದ ಮುದುಕಮ್ಮ, ಲಿಂಗಸುಗೂರಿನ ಪೇಂಟರು ಬರೆದುಕೊಟ್ಟ ತನ್ನದೇ ಚಿತ್ರವನ್ನು ಬೆಂಚಿಗೆ ಆನಿಸಿ, ಬೆರಗಾಗಿ ನೋಡುತ್ತಿದ್ದಳು. ಜೊತೆಗೆ ಮೊಮ್ಮಗಳು ದೀಪಾ.

"ಇದು ನಾನೇ ಏನಬೇ?"

"ನೀನ ಆಯಿ."

"ಪೇಂಟರಿಗೆ ಕೊಟ್ಟ ಹಳೇ ಫೋಟೋದಾಗ ನಿಮ್ಮಜ್ಜ ಕುರ್ಚಿ ಮ್ಯಾಲ ಕುಂತಿದ್ದ. ನಾ ಹಿಂದ ನಿಂತಿದ್ದೆ."

"ನಿನ್ನೊಬ್ಬಾಕಿ ಚಿತ್ರ ಬೇಕಂತ ಅಜ್ಜನ್ನ ತೆಗದ್ರ ನೀ ಖಾಲಿ ಕುರ್ಚಿ ಕಾಯಾಕತ್ತಂಗ ಕಾಣ್ತಿತ್ತು. ಅದಕ್ಕ ಪೇಂಟರ್ ನಿನ್ನ ಕುಂದರ್ಸ್ಯಾನ."

"ಕೈ ಹೆಂಗ ಇಟ್ಟೀನಿ ನೋಡು. ಯಾರಪ್ಪಂದೇನು ಅನ್ನಂಗ."

"ಹಾಲ್‌ನಾಗ ಹಾಕೋಣು."

"ಬ್ಯಾಡವಾ. ಗಂಡಸರ ಮುಂದ ಕುರ್ಚಿ ಹತ್ತಿದಾಕಿ ಅಲ್ಲ ನಾ. ಬಂದವರು ಏನಂದಾರು? ತಿರುಗಿ ಹೋಗಿ ನಿಂದ್ರಿಸಿ ಬರಸೋಣು."

"ಅಜ್ಜ ಹೋಗಿ ಎಷ್ಟೋ ವರ್ಷ ಆತು. ಇನ್ನೂ ಯಾರಿಗೆ ಅಂಜ್ತಿ?"

"ಅಂಜಿಕಿ ಅಲ್ಲ. ರೂಢಿ."

ದೀಪಾ ಮುಖ ಆಚೆ ತಿರುಗಿಸಿ, ಮನೆಯೊಳಗೆ ಬರುವ ಯಜಮಾನನ ಹಾಗೆ ದಪ್ಪ ದನಿಯಲ್ಲಿ ಕೆಮ್ಮಿದಳು. ಮುದುಕಮ್ಮ ತಟ್ಟನೆ ಸೆರಗು ತಲೆಗೆಳೆದುಕೊಂಡು ಎದ್ದು ನಿಂತಳು. ಹುಲಿಗೇಶನಿಗೂ ಏಳಬೇಕೆನ್ನಿಸಿತು.

"ನಿಮ್ಮಜ್ಜಂದ ಕೆಮ್ಮು..." ಎಂದವಳು ಮೊಮ್ಮಗಳು ನಗು ತಡೆದುಕೊಳ್ಳುತ್ತಿರುವುದನ್ನು ಕಂಡಳು. ಆಮೇಲೆ ಚಿತ್ರದ ಕಡೆ ತಿರುಗಿದಳು.

"ನಾ ಎದ್ದೆ. ಆಕಿ ಏಳಲಿಲ್ಲ ನೋಡು."

ಸಿಂಧನೂರಿನ ಬಸ್ಸು ಬಂತು.

"ಮತ್ತ ಲಿಂಗಸುಗೂರಿಗೆ ಹೋಗೋಣೇನು?"

"ಯಾಕ? ಹಾಲ್‌ನಾಗ ಮೊಳಿ ಹೊಡಿ. ಬಾಗಿಲಿಗೆ ಎದುರು ಹೊಡಿ."

ಚಿತ್ರವನ್ನು ಎದೆಗವಚಿಕೊಂಡು ಬಸ್ಸು ಹತ್ತುವಾಗ ದೀಪಾ ನಗುತ್ತಿದ್ದಳು. ಮುದುಕಮ್ಮನ ನಗು ಮಾತ್ರ ಎಂಜಿನ್ ಸದ್ದನ್ನೂ ಮೀರಿ ಕೇಳುತ್ತಿತ್ತು.