ಹಸಿರು ಹಲಗೆ

…ಅಯ್ಯೋ ಹಾಗಲ್ಲ ಪರ್ಸಿ, ಕೆಳಗಿಂದ ಹಿಡ್ಕೋ! ಎರವಲು ತಂದ ಮೋಟಾರು ಕಣೋ ಅದು, ಕುಣಿಯೋಕೆ ಕರ್ಕೊಂಡು ಹೋದ ಹುಡುಗಿ ಅಲ್ಲ. ಯಾಕೋ ನಗ್ತೀಯ? ನಗು, ನಗು. ನಮ್ಮಲ್ಲಿ ಅತ್ತಿಗೆ ಛೇಡಿಸಿದ್ರೆ ಮೈದುನ ನಗಲೇಬೇಕು. ಮುಖ ಊದಿಸ್ಕೊಂಡ್ರೆ ಮುದುಕೀರು ಸುಮ್ನೆ ಬಿಡ್ತಾರಾ? ಹಾಂ… ಬಿಗಿ ಆಯ್ತು ಬೋಲ್ಟು. ಉಸ್ಸಪ್ಪಾ.

ತಗೋ, ಚಾ ಕುಡಿ. ರೊಟ್ಟಿಗೆ ಕೊಬ್ಬು ಸವರ್ಲಾ? ನಿನ್ನಣ್ಣಂಗೆ ಅದಿಲ್ದೆ ಗಂಟಲಲ್ಲಿ ಇಳೀತಿರ್ಲಿಲ್ಲ.

ನೋಡು, ಹೇಗಿದೆ ದೋಣಿ? ನೀರು ಹೆಪ್ಪುಗಟ್ಟೋ ಮುಂಚೆ ದಡಕ್ಕೆ ಬಂದು ಬಿದ್ದಾಗ ಹಿಂಭಾಗ ಹರಿದು ಜೋತಾಡ್ತಿತ್ತು. ಮೋಟಾರು ನೀರಿನ ತಳ ಸೇರಿತ್ತು, ನಿನ್ನಣ್ಣ ಗಾರ್ನೆಟ್ಟೂ… ಇರ್ಲಿ ಬಿಡು. ಚಳಿಗಾಲವೆಲ್ಲ ಒಲೆ ಹಚ್ಕೊಂಡು ಕೂತು ಒಂದೊಂದೇ ರಿವೆಟ್ಟು ಬಿಚ್ಚಿದೆ. ಈ ಎಡ್ನಾಗೆ ಹುಚ್ಚು ಅಂದ್ರು ಜನ. ಅನ್ನಲಿ! ಅವರು ಏನು ತಾನೇ ಅಂದಿಲ್ಲ? ಮೊನ್ನೆ ಮಕ್ಕಳು ದೋಣಿ ತಳ್ತಾ ಕೂಗ್ತಿದ್ರು, ‘ಏಯ್, ಗಾರ್ನೆಟ್ ಥರ ಕುರುಡಾಗಿ ಓಡಿಸ್ಬೇಡ!’ ಅಂತ. ಕೇಳಿಸ್ಕೊಂಡ್ಯಾ? ಕಣ್ಣು ಮುಚ್ಕೊಂಡು ಕೊಕ್ಕರೆ ಬಂಡೆ ಸುತ್ತಿ ಬರ್ತಿದ್ದ ಮನುಷ್ಯ! ನನ್ನ ಹೊಟ್ಟೆ ಉರಿದುಹೋಯ್ತು ಪರ್ಸಿ.

ಅವನು ಬಂಡೆಗೆ ಬಡಿದ ಅಂತ ಮೊದಲು ಹೇಳಿದ್ದು ಯಾರು? ನೀನೇ ಅಲ್ವಾ, ಹೆಣದ ಪಕ್ಕ ನಿಂತ್ಕೊಂಡು? ಸರಿ ಸರಿ… ಸುಮ್ನೆ ಕೇಳ್ದೆ. ಚಾ ಯಾಕೆ ಕೆಳಗಿಟ್ಟೆ, ಕುಡಿ.

ಏನು? ಒಳಗೆ ಯಾವ ಮರ ಹಾಕಿದೀನಿ ಅಂತಲಾ? ಒಳ್ಳೆ ಮರ ಕಣೋ, ಗಟ್ಟಿ ಮರ. ಯಾಕೋ ತಟ್ಟಿ ನೋಡ್ತಿದೀಯ? ಬಣ್ಣ ಇನ್ನೂ ಹಸಿ ಇದೆ, ಕೈಗೆ ಅಂಟೀತು… ಬಣ್ಣ ಬಳಿಯೋದು ನಿಂಗೆ ನಾನು ಹೇಳ್ಕೊಡ್ಬೇಕಾ?

ಬಾ, ಹತ್ತು. ಬೆಳಗ್ಗೆಯೇ ನೀರಿಗೆ ಹೊಗೆಸೊಪ್ಪು ಬಿಟ್ಟು, ಕಾಪಾಡು ಅಂತ ಬೇಡ್ಕೊಂಡು ಬಂದಿದೀನಿ, ಇಬ್ಬರ ಹೆಸರಲ್ಲೂ. ನಾನು ಮುಂದೆ ಕೂತೆ ನೋಡು, ನೀನು ಹಿಂದೆ ಕೂತು ಮೋಟಾರು ಹಿಡಿ. ಕೊಕ್ಕರೆ ಬಂಡೆ ಸುತ್ತಿ ಬಂದುಬಿಡೋಣ. ಗಾಳಿನಾ? ಇಷ್ಟು ಗಾಳಿಗೆ ಮಕ್ಕಳೂ ಹೋಗ್ತಾರೆ. ಹೊಟ್ಟೆ ನೋವಾ? ಅಯ್ಯೋ ಪಾಪ… ಈಗ ತಾನೇ ಗಟ್ಟಿಯಾಗಿ ನಗ್ತಿದ್ದೆ!

ದೋಣಿ ಹಿಂಭಾಗದ ತಗಡು ಬಿಚ್ಚಿದಾಗ ಏನಿತ್ತು ಗೊತ್ತಾ? ತಗಡಲ್ಲ ಅದು, ಜರಡಿ. ಹಿಟ್ಟು ಸುರಿದ ಹಾಗೆ ಬಿಳಿ ಪುಡಿ. ಒಳಗೆ ನಿನ್ನ ಹಲಗೆ ಮಾತ್ರ ಗಟ್ಟಿಮುಟ್ಟು, ಹಸಿರು ಹಸಿರು! ಒಳ್ಳೆ ಪ್ಲೈವುಡ್ ಬೇಕಂದ್ರೆ ಚಳಿಗಾಲದ ಹಿಮದ ರಸ್ತೆ ತೆರೆದು ಲಾರಿ ಬರೋತನಕ ಕಾಯಬೇಕಿತ್ತು. ನಿನ್ನ ಹತ್ರ ದೋಣಿ ನಿಲ್ಲಿಸೋ ಧಕ್ಕೆ ಕಟ್ಟಿ ಉಳಿದದ್ದು ಇತ್ತು, ತಾಮ್ರದ ಮದ್ದು ಕುಡಿದ ಹಲಗೆ. ಕೊಳೆಯಲ್ಲ ಅಂತ ಅದನ್ನೇ ಹಾಕ್ದೆ ನೀನು. ನಿಜ, ಅದು ಕೊಳೀಲಿಲ್ಲ. ಒದ್ದೆಯಾಗಿ ಕೂತು ಪಕ್ಕದ ಅಲ್ಯೂಮಿನಿಯಂ ತಿಂತು. ಆ ತಪ್ಪು ಯಾರಿಗಾದ್ರೂ ಆಗುತ್ತೆ, ಅದಕ್ಕೆ ನಾನು ಏನೂ ಅನ್ನಲ್ಲ. ಆದ್ರೆ ಬೋಲ್ಟಿನ ಸುತ್ತ ಬಿಳಿ ಪುಡಿ ಬರ್ತಿದೆ ಅಂತ ಗಾರ್ನೆಟ್ ನಿನ್ನ ಹತ್ರ ಬಂದನಲ್ಲ? ಬಂದ, ನಂಗೆ ಹೇಳಿಯೇ ಬಂದ. ತೂತಿಗೆ ಪುಟ್ಟಿ ಮೆತ್ತಿ, ಬಣ್ಣ ಬಳಿದು, ‘ಹೋಗು, ಏನಾಗಲ್ಲ’ ಅಂದೆಯಲ್ಲೋ!

ಎಲ್ಲಿಗೆ ಹೊರಟೆ? ನಿಂತ್ಕೋ. ನೀನು ಬಲೆ ಇಡೋ ಮನೆ ಹಿಂದೆ ಆ ಹಸಿರು ಹಲಗೆ ಅರ್ಧ ಉಳಿದಿತ್ತಲ್ಲ, ಈಗ ಕಾಣ್ತಿಲ್ಲ ಅಂತ ಹುಡುಕ್ತಿದ್ದೆಯಂತೆ… ಈಗ ತಟ್ಟಿ ನೋಡಿದ್ಯಲ್ಲ, ಅದೇ. ತಗಡು ಬದಲಾಯಿಸೋಕೆ ನನ್ನ ಹತ್ರ ದುಡ್ಡು ಎಲ್ಲಿತ್ತು? ಅದೇ ಜರಡಿಗೆ ಪುಟ್ಟಿ ಮೆತ್ತಿದೆ. ನಿನ್ನ ಹಾಗೇ.

ಹತ್ತು ಪರ್ಸಿ. ನಿನ್ನಣ್ಣನ್ನ ಕೊಂದದ್ದು ಬಂಡೆ ತಾನೇ? ಹಾಗಾದ್ರೆ ಹಲಗೆ ಕಂಡ್ರೆ ನಿಂಗ್ಯಾಕೆ ಭಯ? ಹತ್ತಲ್ಲ ಅಂದ್ರೆ ನಡಿ, ಆ ಮಕ್ಕಳ ಮುಂದೆ ಹೋಗಿ ಹೇಳು, ಕುರುಡ ಯಾರು ಅಂತ.

ಅತ್ತಿಗೆ ಛೇಡಿಸ್ತಿದಾಳೆ ಕಣೋ. ಯಾಕೋ ನಗ್ತಿಲ್ಲ?